‘ವರ್ಣತಂತು ಹಾನಿ’ಗೆ ಬೇರೆ ಪದ ಇದೆಯೇ?

ಗೆಳೆಯರೇ,

ಥೈರಾಯ್ಡ್ ರೋಗಿಗಳಿಗೆ ವಿಕಿರಣಶೀಲ ಅಯೋಡಿನ್ ಕುಡಿಸಿದ ಮೇಲೆ ರಕ್ತದಲ್ಲಿ ಏನೇನು ಬದಲಾಗುತ್ತದೆ ಎಂದು ತಿಳಿಸುವ ಒಂದು ಕನ್ನಡ ಕರಪತ್ರ ಬರೆಯುತ್ತಿದ್ದೇನೆ. ‘ಕ್ರೋಮೋಸೋಮ್ ಅಬರೇಷನ್’ (ಜೀವಕೋಶದ ವರ್ಣತಂತುಗಳು ಮುರಿದು ತಪ್ಪಾಗಿ ಕೂಡಿಕೊಳ್ಳುವುದು) ಎಂಬಲ್ಲಿಗೆ ಬಂದು ಕೈ ನಿಂತಿದೆ.

‘ವಿಪಥನ’ ಎನ್ನಬಹುದು. ಆದರೆ ಅದು ಮಸೂರ, ಬೆಳಕಿನ ಪಾಠದ ಪದ. ‘ವಿಕೃತಿ’ ಅಂತೂ ಬೇಡವೇ ಬೇಡ. ಉಳಿದದ್ದು ‘ಹಾನಿ’. ನನ್ನ ತಕರಾರು ಇರುವುದು ಇದರ ಮೇಲೆಯೇ. ವರ್ಣತಂತು ಅಂದರೆ ನಮಗೆ ನೆನಪಾಗುವುದು ಅಪ್ಪ-ಅಮ್ಮನಿಂದ ಮಕ್ಕಳಿಗೆ ಬರುವ ಗುಣಗಳು, ಅಲ್ವಾ? ಅದರ ಪಕ್ಕ ‘ಹಾನಿ’ ಸೇರಿದರೆ “ಹುಟ್ಟೋ ಮಗೂಗೂ ಬರುತ್ತಾ?” ಅನ್ನುವ ಪ್ರಶ್ನೆ ಗ್ಯಾರಂಟಿ. ಇದನ್ನು ಹುಡುಕುವ ರಕ್ತಪರೀಕ್ಷೆಯಲ್ಲಿ ನೋಡುವುದು ರಕ್ತದ ಬಿಳಿ ಕಣಗಳನ್ನು. ಅಂಡಾಣು, ವೀರ್ಯಾಣುಗಳನ್ನಲ್ಲ. (ಚಿಕಿತ್ಸೆಯಾದ ಮೇಲೆ ಆರು ತಿಂಗಳಿನಿಂದ ಒಂದು ವರ್ಷ ಬಸಿರಾಗಬೇಡಿ ಎಂದು ಡಾಕ್ಟರು ಹೇಳುವುದು ಬೇರೆ ಮಾತು. ಅದಕ್ಕೆ ಕರಪತ್ರದಲ್ಲಿ ಬೇರೆ ಜಾಗ ಇದೆ.)

ಪದ ಸೂಚಿಸುವವರಿಗೆ ಅನುಕೂಲವಾಗಲಿ ಅಂತ ಸ್ವಲ್ಪ ವಿವರ. ಕುಡಿಸುವುದು ಅಯೋಡಿನ್-131. ಅರ್ಧಾಯು (ಅದರ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ) ಸುಮಾರು 8 ದಿನ. ಇದರ ಬೀಟಾ ಕಣಗಳು ಮೈಯೊಳಗೆ ಒಂದೆರಡು ಮಿಲಿಮೀಟರ್ ದಾಟುವುದಿಲ್ಲ. ಆದರೆ ಅಯೋಡಿನ್ ರಕ್ತದಲ್ಲೂ ಸುತ್ತುತ್ತದೆ, ಥೈರಾಯ್ಡ್ ಗ್ರಂಥಿಯೊಳಗೂ ರಕ್ತ ಹರಿಯುತ್ತದೆ. ಹಾಗಾಗಿ ಬಿಳಿ ಕಣಗಳಿಗೂ ಸ್ವಲ್ಪ ವಿಕಿರಣ ತಗಲುತ್ತದೆ. ಡಿಎನ್‌ಎ ಎಳೆಗಳೆರಡೂ ತುಂಡಾದರೆ ಜೀವಕೋಶ ಸುಮ್ನೆ ಕೂರುವುದಿಲ್ಲ, ತುದಿಗಳನ್ನು ಹಿಡಿದು ಬೆಸೆಯುತ್ತದೆ. ಕೆಲವೊಮ್ಮೆ ಯಾರದೋ ತುದಿ ಯಾರಿಗೋ ಅಂಟುತ್ತದೆ. ಸೊಟ್ಟಗೆ ಕೂಡಿಕೊಂಡ ಮೂಳೆ ಇರುತ್ತದಲ್ಲ, ಹಾಗೆ.

ಲ್ಯಾಬಿನಲ್ಲಿ ಇದನ್ನು ನೋಡುವ ಕ್ರಮ ಚೆನ್ನಾಗಿದೆ. ಒಂದಿಷ್ಟು ರಕ್ತ ತೆಗೆದು, ರಾಜ್ಮಾ ಜಾತಿಯ ಕಾಳಿನಿಂದ ಬಂದ ಒಂದು ಪ್ರೋಟೀನ್ ಹಾಕುತ್ತಾರೆ. ಸುಮ್ಮನಿದ್ದ ಬಿಳಿ ಕಣಗಳು ಇಬ್ಭಾಗವಾಗಲು ಹೊರಡುತ್ತವೆ. ಸುಮಾರು 48 ಗಂಟೆ ಬೆಳೆಸಿ, ಭಾಗವಾಗುವ ಹೊತ್ತಿನಲ್ಲೇ ತಡೆದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಎಣಿಸುತ್ತಾರೆ. ಸರಿಯಾದ ವರ್ಣತಂತುವಿಗೆ ಒಂದೇ ಸೊಂಟ, ಅಂದರೆ ಕಿರಿದಾಗಿ ಕಾಣುವ ಜಾಗ (ಸೆಂಟ್ರೋಮಿಯರ್). ತಪ್ಪಾಗಿ ಬೆಸೆದದ್ದಕ್ಕೆ ಕೆಲವೊಮ್ಮೆ ಎರಡು. ಅಯೋಡಿನ್ ಕುಡಿಯದವರಲ್ಲೂ ಸಾವಿರ ಕೋಶಗಳಲ್ಲಿ ಒಂದರಷ್ಟು ಇಂಥವು ಸಿಗುತ್ತವೆ. ಕುಡಿದ ಮೇಲೆ ಜಾಸ್ತಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವವರಿಗೆ ಕೊಡುವುದು ಸಾಮಾನ್ಯವಾಗಿ 10ರಿಂದ 15 ಮಿಲಿಕ್ಯೂರಿ (ವಿಕಿರಣಶೀಲತೆಯ ಅಳತೆ), ಕ್ಯಾನ್ಸರಿಗೆ 30ರಿಂದ 100, ಕೆಲವರಿಗೆ ಇನ್ನೂ ಹೆಚ್ಚು. ಅದಕ್ಕೆ ತಕ್ಕಂತೆ ಎಣಿಕೆಯೂ ಏರುತ್ತದೆ.

ಈ ಎರಡು ಸೊಂಟದ ವರ್ಣತಂತು ಹೆಚ್ಚು ದಿನ ಉಳಿಯುವುದಿಲ್ಲ. ಕೋಶ ಇಬ್ಭಾಗವಾಗುವಾಗ ಎರಡು ಕಡೆಗೂ ಜಗ್ಗಿ ಹರಿಯಬಹುದು, ಆ ಕೋಶ ಸಾಯುತ್ತದೆ. ಇನ್ನೊಂದು ಬಗೆ ಇದೆ: ಎರಡು ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡು, ಇಬ್ಬರೂ ಒಂದೊಂದೇ ಸೊಂಟ ಇಟ್ಟುಕೊಂಡು ಬದುಕಿಬಿಡುತ್ತವೆ. ಇದು ವರ್ಷಗಟ್ಟಲೆ ಉಳಿಯಬಹುದು. ಮಾಯವಾಗುವುದಕ್ಕೂ ಉಳಿಯುವುದಕ್ಕೂ ಒಂದೇ ‘ಹಾನಿ’ ಹಚ್ಚಿದರೆ ಓದುವವರಿಗೆ ಏನೂ ತಿಳಿದ ಹಾಗಾಗಲಿಲ್ಲ.

ಸದ್ಯ ನಾನು ಬರೆದಿಟ್ಟಿರುವುದು: ಒಟ್ಟಾರೆ ಹೆಸರಿಗೆ ‘ವರ್ಣತಂತು ಮುರಿತ’, ಮೊದಲನೆಯದಕ್ಕೆ ‘ಜೋಡಿಸೊಂಟ’, ಎರಡನೆಯದಕ್ಕೆ ‘ತುಂಡು ಅದಲುಬದಲು’. ಎರಡನೆಯದಕ್ಕೆ (ಇಂಗ್ಲಿಷಿನ ‘ಟ್ರಾನ್ಸ್‌ಲೊಕೇಷನ್’) ‘ಸ್ಥಾನಾಂತರ’ ಅಂದರೆ ಆಫೀಸು ಬೇರೆ ಬೀದಿಗೆ ಹೋದಂತಿದೆ, ಕೊಟ್ಟು ತೆಗೆದುಕೊಂಡದ್ದು ಕಾಣುವುದಿಲ್ಲ. ‘ಮುರಿತ’ದಲ್ಲೂ ಒಂದು ಕೊರತೆ ಇದೆ, ಮತ್ತೆ ಬೆಸೆದದ್ದು ಅದರಲ್ಲಿ ಬರುವುದಿಲ್ಲ.

ನಿಮ್ಮ ಕಡೆ ಮೂಳೆ ಕಟ್ಟುವವರು ಸೊಟ್ಟಗೆ ಕೂಡಿಕೊಂಡದ್ದಕ್ಕೆ ಏನನ್ನುತ್ತಾರೆ? ಒಂದೇ ಪದ ಇದ್ದರೆ ಅದನ್ನೇ ಇಲ್ಲಿಗೆ ತರಬಹುದು. ಹಾಗೆಯೇ, ಒಡೆದ ತುಂಡು ಕೋಶದೊಳಗೆ ಬೇರೆಯಾಗಿ ಪುಟ್ಟ ಉಂಡೆಯಂತೆ ನಿಲ್ಲುವ ‘ಮೈಕ್ರೋನ್ಯೂಕ್ಲಿಯಸ್’ಗೆ ‘ಕಿರುಕೇಂದ್ರ’ ಆದೀತೇ? ಕರಪತ್ರ ಓದುವವರಲ್ಲಿ ಹೆಚ್ಚಿನವರು ಹೈಸ್ಕೂಲು ಓದಿದವರು, ಅದು ಗಮನದಲ್ಲಿರಲಿ.