ಸಹಾಯ ಬೇಕು: ಗಾರ್ಮೆಂಟ್ಸ್ ಕೆಲಸಗಾರರ ಪಿಎಫ್ ಖಾತೆ ಸರಿಪಡಿಸಲು

ಎಲ್ಲರಿಗೂ ನಮಸ್ಕಾರ. ಪೀಣ್ಯ, ಬೊಮ್ಮನಹಳ್ಳಿ ಕಡೆ ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಕೂರಬಲ್ಲವರು ಬೇಕಾಗಿದ್ದಾರೆ.

ಫ್ಯಾಕ್ಟರಿ ಬದಲಿಸಿದಾಗ ಹಳೇ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಕೊಡದಿದ್ದರೆ ಹೊಸದೊಂದು ಹುಟ್ಟಿಕೊಳ್ಳಬಹುದು, ಆಗ ದುಡ್ಡು ಅಲ್ಲಲ್ಲೇ ಉಳಿಯುತ್ತೆ. ಮೊದಲು ಆಧಾರ್ ಮತ್ತು ಪಿಎಫ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ತಾಳೆ ನೋಡಬೇಕು. ಇನಿಷಿಯಲ್ ಹಿಂದುಮುಂದಾದರೂ ಕ್ಲೇಮ್ ವಾಪಸ್ ಬರಬಹುದು. ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ಹಾಕದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ಕೆಲಸಗಾರರೇ ಹಾಕಬಹುದು. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರಬೇಕು. ಬಹಳ ಸಲ ಕೆಲಸ ನಿಲ್ಲೋದೇ ಇಲ್ಲಿ: ಆ ಸಿಮ್ ಯಾವತ್ತೋ ಬಂದ್ ಆಗಿರುತ್ತೆ. ಆಮೇಲೆ ಹಳೇ ಹಣ ವರ್ಗಾವಣೆ.

ದಯವಿಟ್ಟು ಯಾರಿಗೂ 'ಪೂರ್ತಿ ತೆಗೆದುಬಿಡಿ' ಅನ್ನಬೇಡಿ. ಪಿಂಚಣಿಗೆ 10 ವರ್ಷದ ಸೇವೆ ಬೇಕು. 10ಸಿ ಫಾರಂನಲ್ಲಿ ಪಿಂಚಣಿ ಹಣ ತೆಗೆದರೆ ಅಷ್ಟು ವರ್ಷ ಲೆಕ್ಕದಿಂದ ಹೋಗುತ್ತೆ. ಅದೇ ಫಾರಂನಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ (ಸೇವೆಯ ವರ್ಷಗಳನ್ನು ದಾಖಲಿಸುವ ಪ್ರಮಾಣಪತ್ರ) ಕೇಳಿದರೆ ಆ ವರ್ಷಗಳು ಉಳಿಯುತ್ತೆ.

ಇನ್ನೊಂದು ಪ್ರಶ್ನೆ: ಮುಚ್ಚಿಹೋದ ಫ್ಯಾಕ್ಟರಿಯ ಕೆಲಸಗಾರರ ಹೆಸರು ತಿದ್ದುಪಡಿಗೆ ಜಾಯಿಂಟ್ ಡಿಕ್ಲರೇಷನ್ (ಸಾಮಾನ್ಯವಾಗಿ ಕೆಲಸಗಾರರು, ಮಾಲೀಕರು ಸೇರಿ ಕೊಡುವ ತಿದ್ದುಪಡಿ ಅರ್ಜಿ) ಈಚೆಗೆ ಯಾರಾದರೂ ಮಾಡಿಸಿದ್ದೀರಾ? ಯಾರ ಸಹಿ, ಯಾವ ದಾಖಲೆ ಒಪ್ಪಿದರು ತಿಳಿಸಿ.

ಬರುವವರು ಕಾಮೆಂಟಿನಲ್ಲಿ ಏರಿಯಾ ಬರೆಯಿರಿ. ಯಾರ ಆಧಾರ್, ಯುಎಎನ್ ಫೋಟೋವನ್ನೂ ಇಲ್ಲಿ ಹಾಕಬೇಡಿ.