ಚೀನೀಯರ ‘ನಿಯೆನ್‌ಹುವೊ’: ಹಬ್ಬದ ಸಾಮಾನೇ, ಹಬ್ಬದ ಸಂತೆಯೇ?

ಗೆಳೆಯರೆ,

ಸಿಂಗಪುರದಲ್ಲಿ ಬೆಳೆಯುತ್ತಿರುವ ಕನ್ನಡ ಮಕ್ಕಳಿಗಾಗಿ ಚೀನೀ ಹೊಸ ವರ್ಷದ ಮಾರುಕಟ್ಟೆಯ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಈ ಮಕ್ಕಳು ಅದನ್ನು ಪ್ರತಿ ವರ್ಷ ಕಣ್ಣಾರೆ ನೋಡುತ್ತಾರೆ. ಆದರೆ ಊರಲ್ಲಿರುವ ಅಜ್ಜಿಗೆ ಫೋನಿನಲ್ಲಿ ಹೇಳುವಾಗ ಕನ್ನಡ ಅರ್ಧಕ್ಕೇ ನಿಂತುಬಿಡುತ್ತದೆ. ಪದ ಇಲ್ಲ ಅಂತಲ್ಲ. ಯಾವ ಪದ ಹೊಂದುತ್ತದೆ ಅಂತ ದೊಡ್ಡವರೇ ಹೇಳಿಕೊಟ್ಟಿಲ್ಲ. ಕೆಲವು ಪದಗಳನ್ನು ನಿಮ್ಮ ಮುಂದಿಡುತ್ತೇನೆ, ನೋಡಿ ಹೇಳಿ.

ಮೊದಲನೆಯದು ‘ನಿಯೆನ್‌ಹುವೊ’. ‘ನಿಯೆನ್’ ಅಂದರೆ ವರ್ಷ, ‘ಹುವೊ’ ಅಂದರೆ ಸರಕು. ಹೊಸ ವರ್ಷಕ್ಕೆ ಅಂತ ತರುವ ಎಲ್ಲ ಸಾಮಾನಿಗೂ ಈ ಒಂದೇ ಪದ. ಕಿತ್ತಳೆ, ಕಲ್ಲಂಗಡಿ ಬೀಜ, ಒಣ ಅಣಬೆ, ಒಣಗಿಸಿದ ಬಾತುಕೋಳಿ, ಸಿಹಿತಿಂಡಿ, ಹೂಗಿಡ, ಬಾಗಿಲಿಗೆ ಅಂಟಿಸುವ ಕೆಂಪು ಕಾಗದ, ಎಲ್ಲವೂ ಇದರೊಳಗೆ ಬರುತ್ತವೆ. ಇಷ್ಟೊಂದು ಕೂಡಿಡುವುದಕ್ಕೆ ಕಾರಣವೂ ಇದೆ. ಹಬ್ಬ ಹದಿನೈದು ದಿನದ್ದು. ಮೊದಲ ಕೆಲವು ದಿನ ಅಂಗಡಿಗಳು ಮುಚ್ಚಿರುತ್ತಿದ್ದವು, ಮನೆಗೆ ನೆಂಟರು ಮಾತ್ರ ಬರುತ್ತಲೇ ಇರುತ್ತಿದ್ದರು. ಮುಂಚೆಯೇ ತಂದಿಟ್ಟುಕೊಳ್ಳಲೇಬೇಕಿತ್ತು.

ಇದನ್ನು ‘ವರ್ಷದ ಸಾಮಾನು’ ಅಂತ ಮಾಡಿದವರಿದ್ದಾರೆ. ನನಗೆ ಅದು ತಪ್ಪು ದಾರಿ ಅನಿಸುತ್ತದೆ. ನಮ್ಮಲ್ಲಿ ವರ್ಷದ ಸಾಮಾನು ಅಂದರೆ ಬೇಸಿಗೆಯಲ್ಲಿ ತಂದು ಒಣಗಿಸಿ ಡಬ್ಬ ತುಂಬುವ ಮೆಣಸಿನಕಾಯಿ, ಹುಣಸೆಹಣ್ಣು, ಬೇಳೆ. ಅಂದರೆ ವರ್ಷಪೂರ್ತಿ ಬಳಸುವುದು. ಓದುವವರ ಮನಸ್ಸು ನೇರ ಅಲ್ಲಿಗೇ ಹೋಗುತ್ತದೆ. ‘ಹೊಸ ವರ್ಷದ ಸಾಮಾನು’ ಅಂದರೆ ಜನವರಿ 1 ನೆನಪಾಗುತ್ತದೆ. ಈ ಹಬ್ಬವೋ ಚಂದ್ರನ ಲೆಕ್ಕದ್ದು. 2025ರಲ್ಲಿ ಜನವರಿ 29ಕ್ಕೆ ಬಿದ್ದರೆ 2026ರಲ್ಲಿ ಫೆಬ್ರವರಿ 17ಕ್ಕೆ. ಹಾಗಾಗಿ ‘ಹಬ್ಬದ ಸಾಮಾನು’ ಸಾಕು ಅನ್ನುವುದು ನನ್ನ ಮತ. ಯಾವ ಹಬ್ಬ ಅನ್ನುವುದು ಹಿಂದುಮುಂದಿನ ಮಾತಿನಿಂದ ತಿಳಿಯುತ್ತದೆ.

ಹೆಚ್ಚು ತಲೆ ಕೆಡಿಸಿಕೊಂಡಿರುವುದು ಇದರ ಕ್ರಿಯಾಪದಕ್ಕೆ. ಚೀನೀ ಭಾಷೆಯಲ್ಲಿ ಕೊಳ್ಳುವುದಕ್ಕೆ ‘ಮಾಯ್’ ಅನ್ನುವ ಮಾತಿದೆ. ಆದರೆ ಹಬ್ಬದ ಸಾಮಾನಿನ ಜೊತೆ ರೂಢಿಯಲ್ಲಿರುವುದು ‘ಬಾನ್’. ಅಂದರೆ ಏರ್ಪಾಟು ಮಾಡುವುದು, ಒಂದು ಕೆಲಸವನ್ನು ಹಚ್ಚಿಕೊಂಡು ಮುಗಿಸುವುದು. ‘ಬಾನ್ ನಿಯೆನ್‌ಹುವೊ’ ಅಂದಾಗ ದುಡ್ಡು ಕೊಟ್ಟು ಚೀಲ ತುಂಬಿಸಿದ್ದಷ್ಟೇ ಅಲ್ಲ. ಏನೇನು ಬೇಕು ಅಂತ ಮನೆಮಂದಿ ಮಾತಾಡಿ, ಹೋಗಿ, ರುಚಿ ನೋಡಿ, ಚೌಕಾಸಿ ಮಾಡಿ, ಹೊತ್ತು ತಂದು ಜೋಡಿಸುವ ತನಕ ಎಲ್ಲ ಸೇರುತ್ತದೆ. ‘ಖರೀದಿ’ ಅಂದರೆ ಇದು ಬರುವುದಿಲ್ಲ. ‘ಶಾಪಿಂಗ್’ ಅಂದರಂತೂ ಬರುವುದೇ ಇಲ್ಲ.

ನಮ್ಮಲ್ಲಿ ಇಂಥ ಮಾತುಗಳಿವೆ ಅಲ್ವಾ? ಮದುವೆ ಬಟ್ಟೆಯನ್ನು ನಾವು ಕೊಳ್ಳುವುದಿಲ್ಲ, ಜವಳಿ ತೆಗೆಯುತ್ತೇವೆ. ಆ ಒಂದು ಮಾತಿನಲ್ಲಿ ಯಾರು ಯಾರು ಹೋಗಬೇಕು, ಯಾರಿಗೆಲ್ಲ ಸೀರೆ ಅನ್ನುವುದೂ ಇದೆ. ಹಾಗೇ ಉತ್ತರ ಕರ್ನಾಟಕದಲ್ಲಿ ‘ಸಂತಿ ಮಾಡ್ಕೊಂಡ ಬರ್ತೀನಿ’ ಅನ್ನುತ್ತಾರೆ. ಹಳೇ ಮೈಸೂರಿನ ಹಳ್ಳಿಗಳಲ್ಲೂ ‘ಸಂತೆ ಮಾಡೋದು’ ಕೇಳಿದ್ದೇನೆ. ಸಂತೆ ಇಲ್ಲಿ ಜಾಗವಲ್ಲ, ಮಾಡುವ ಕೆಲಸ. ಹಾಗಾದರೆ ‘ಹಬ್ಬದ ಸಂತೆ ಮಾಡುವುದು’ ಅಂದರೆ ‘ಬಾನ್ ನಿಯೆನ್‌ಹುವೊ’ ಹೆಚ್ಚುಕಡಿಮೆ ಪೂರ್ತಿ ಬಂದಂತೆ. ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಸಂತೆ ವಾರಕ್ಕೊಮ್ಮೆ ಆಗುವುದಲ್ಲವೇ, ವರ್ಷಕ್ಕೊಮ್ಮೆ ಬರುವ ಮಾರುಕಟ್ಟೆಗೆ ‘ಜಾತ್ರೆ’ ಅಥವಾ ‘ಪರಿಷೆ’ ಸರಿ ಅಂತ ಯಾರಾದರೂ ಹೇಳಬಹುದು. ಇಲ್ಲಿ ಚೀನೀಯರ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಉತ್ತರ ಚೀನಾದ ಹಳ್ಳಿಗಳಲ್ಲಿ ‘ಜಿ’ ಅನ್ನುವ ಸಂತೆಗಳಿವೆ. ನಮ್ಮ ಹಾಗೆ ಸೋಮವಾರ, ಮಂಗಳವಾರ ಅಲ್ಲ, ತಿಥಿಯ ಲೆಕ್ಕ. ಒಂದೂರಿನಲ್ಲಿ 1 ಮತ್ತು 6 ಬರುವ ದಿನಗಳಲ್ಲಿ, ಅಂದರೆ 1, 6, 11, 16 ಹೀಗೆ. ಪಕ್ಕದೂರಿನಲ್ಲಿ 3 ಮತ್ತು 8. ಸುಮಾರು ಐದು ದಿನಕ್ಕೊಂದು ಸಂತೆ. ಸಂತೆಗೆ ಹೋಗುವುದಕ್ಕೆ ‘ಗಾನ್ ಜಿ’ ಅನ್ನುತ್ತಾರೆ. ‘ಗಾನ್’ನಲ್ಲಿ ಅವಸರದಿಂದ ಹೋಗಿ ಮುಟ್ಟುವ ಅರ್ಥ ಇದೆ. ವರ್ಷದ ಕೊನೆಯ ತಿಂಗಳಲ್ಲಿ, ಹಬ್ಬಕ್ಕೆ ಮುಂಚೆ ಆಗುವ ದೊಡ್ಡ ಸಂತೆ ‘ನಿಯೆನ್‌ಜಿ’. ಇದು ಅಕ್ಷರಶಃ ಹಬ್ಬದ ಸಂತೆಯೇ. ನಮ್ಮೂರುಗಳಲ್ಲೂ ಯುಗಾದಿ, ದೀಪಾವಳಿಗೆ ಹಿಂದಿನ ಸಂತೆಗೆ ಕಳೆ ಬೇರೆ.

ಜಾತ್ರೆಗೆ ಅವರಲ್ಲಿ ಬೇರೆ ಮಾತೇ ಇದೆ, ‘ಮಿಯಾವ್‌ಹುಯ್’. ಮಿಯಾವ್ ಅಂದರೆ ಗುಡಿ, ಹುಯ್ ಅಂದರೆ ಸೇರುವುದು. ಬೀಜಿಂಗಿನ ದಿತಾನ್ ಮತ್ತು ಚಾಂಗ್‌ದಿಯೆನ್ ಜಾತ್ರೆಗಳು ಹೆಸರುವಾಸಿ. ಅವು ನಡೆಯುವುದು ಹಬ್ಬದ ದಿನಗಳಲ್ಲಿ. ಅಲ್ಲಿಗೆ ಜನ ಹೋಗುವುದು ತಿನ್ನಲು, ಆಟ ನೋಡಲು, ಸುಮ್ನೆ ಸುತ್ತಲು. ಮನೆಸಾಮಾನು ಅಷ್ಟೊತ್ತಿಗೆ ಮನೆ ಸೇರಿರುತ್ತದೆ. ಹಬ್ಬಕ್ಕೆ ಮುಂಚಿನದು ಸಂತೆ, ಹಬ್ಬದಲ್ಲಿ ನಡೆಯುವುದು ಜಾತ್ರೆ. ನಮ್ಮ ಎರಡು ಪದಗಳೂ ಎರಡಕ್ಕೆ ಸರಿಯಾಗಿ ಕೂರುತ್ತವೆ, ಬೆರೆಸುವುದು ಬೇಡ. ‘ಪರಿಷೆ’ಯನ್ನು ಬಸವನಗುಡಿಯ ಕಡಲೆಕಾಯಿಗೇ ಬಿಡೋಣ.

ಹಾಂಗ್‌ಕಾಂಗಿನ ವಿಕ್ಟೋರಿಯಾ ಪಾರ್ಕಿನಲ್ಲಿ ಹಬ್ಬದ ಹಿಂದಿನ ದಿನಗಳಲ್ಲಿ ಹೂವಿನ ಮಾರುಕಟ್ಟೆ ಸೇರುತ್ತದೆ. ಹಬ್ಬದ ಬೆಳಗಿನ ಜಾವಕ್ಕೆ ಮುಗಿದುಹೋಗುತ್ತದೆ. ಅದಕ್ಕೆ ಹೋಗುವುದನ್ನು ಅಲ್ಲಿನ ಚೀನೀ ಮಾತಾದ ಕ್ಯಾಂಟನೀಸಿನಲ್ಲಿ ‘ಹಾಂಗ್ ಫಾ ಸಿ’ ಅನ್ನುತ್ತಾರೆ, ಹೂವಿನ ಸಂತೆಯಲ್ಲಿ ನಡೆದಾಡುವುದು. ಅಲ್ಲಿ ಪೀಚ್ ಹೂವಿನ ಕೊಂಬೆ ತರುವುದೂ ಇದೆ, ಬರಿಗೈಯಲ್ಲಿ ಸುತ್ತಿ ಬರುವುದೂ ಇದೆ. ‘ಹೂವಿನ ಸಂತೆ ಸುತ್ತೋದು’ ಅಂದರೆ ಸರಿಹೋಗುತ್ತದೆ.

ಸಿಂಗಪುರದ ಚೈನಾಟೌನಿಗೆ ಬರೋಣ. ಹಬ್ಬದ ಮಳಿಗೆಗಳ ಜಾಗ ಪಗೋಡಾ ಸ್ಟ್ರೀಟ್, ಟ್ರೆಂಗಾನು ಸ್ಟ್ರೀಟಿನ ಸುತ್ತಮುತ್ತ. ಪಗೋಡಾ ಅನ್ನುವ ಹೆಸರು ಕೇಳಿ ಬೌದ್ಧರ ಗುಡಿ ಅಂದುಕೊಳ್ಳುವವರು ಬಹಳ. ಅದು ಬೀದಿಯ ಮೂಲೆಯಲ್ಲಿರುವ ಶ್ರೀ ಮಾರಿಯಮ್ಮನ ಗುಡಿಯ ಗೋಪುರ! 1827ರಲ್ಲಿ ಶುರುವಾದ ಗುಡಿ ಅದು. ಇನ್ನು ಆ ಇಡೀ ಜಾಗಕ್ಕೆ ಚೀನೀ ಹೆಸರು ‘ನಿಯು ಚೆ ಶುಯ್’, ಎತ್ತಿನ ಗಾಡಿಯ ನೀರು. ಹಿಂದೆ ಅಲ್ಲಿಗೆ ನೀರು ಬರುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಮಕ್ಕಳ ಬರಹದಲ್ಲಿ ಇವೆರಡನ್ನೂ ಖಂಡಿತ ಹಾಕುತ್ತೇನೆ.

ಸಾಮಾನಿನ ಹೆಸರುಗಳಲ್ಲಿ ತೊಡಕು ಬೇರೆ ಥರದ್ದು. ಅಲ್ಲಿ ಎಷ್ಟೋ ವಸ್ತು ಕೊಳ್ಳುವುದು ಅದರ ಹೆಸರು ಕಿವಿಗೆ ಹೇಗೆ ಕೇಳಿಸುತ್ತದೆ ಅನ್ನುವುದಕ್ಕಾಗಿ. ಕ್ಯಾಂಟನೀಸಿನಲ್ಲಿ ಕಿತ್ತಳೆ ‘ಗಮ್’, ಚಿನ್ನವೂ ‘ಗಮ್’. ಹೊಕ್ಕಿಯೆನ್ ಅನ್ನುವ ಇನ್ನೊಂದು ಚೀನೀ ಮಾತಿನಲ್ಲಿ ಅನಾನಸ್ ‘ಓಂಗ್ ಲಾಯ್’, ಏಳಿಗೆ ಬರಲಿ ಅಂದ ಹಾಗೆ ಕೇಳುತ್ತದೆ. ಅದಕ್ಕೇ ಅನಾನಸ್ ಹೂರಣದ ಬಿಸ್ಕತ್ತಿಗೆ ಅಷ್ಟು ಬೇಡಿಕೆ. ‘ಫು’ ಅಂದರೆ ಭಾಗ್ಯ. ಆ ಅಕ್ಷರವನ್ನು ಬಾಗಿಲಿಗೆ ತಲೆಕೆಳಗಾಗಿ ಅಂಟಿಸುತ್ತಾರೆ, ಯಾಕೆಂದರೆ ‘ತಲೆಕೆಳಗು’ ಮತ್ತು ‘ಬಂತು’ ಎರಡಕ್ಕೂ ‘ದಾವ್’ ಅನ್ನುವ ಉಲಿಯೇ. ಇದನ್ನು ಅನುವಾದ ಮಾಡಲು ಆಗುವುದಿಲ್ಲ. ಮೂಲದ ಉಲಿ ಕೊಟ್ಟು ಪಕ್ಕದಲ್ಲಿ ಒಂದು ಸಾಲು ವಿವರಿಸುವುದೇ ಸರಿ. ಇನ್ನು ‘ಬಾಕ್ ಕ್ವಾ’ವನ್ನು ‘ಒಣಬಾಡು’ ಅನ್ನಬಹುದೇ? ನಮ್ಮದು ಉಪ್ಪು ಖಾರ ಹಚ್ಚಿ ಬಿಸಿಲಿಗೆ ಹಾಕಿದ್ದು. ಅವರದು ಸಿಹಿ, ತೆಳ್ಳಗೆ ಹಾಳೆ ಮಾಡಿ ಕೆಂಡದ ಮೇಲೆ ಸುಟ್ಟ ಹಂದಿಮಾಂಸ. ನನಗೆ ಹೆಸರು ಹಾಗೇ ಉಳಿಸುವುದು ವಾಸಿ ಅನಿಸುತ್ತದೆ.

ಕೊನೆಯದು ‘ಹೊಂಗ್‌ಬಾವ್’, ಸಿಂಗಪುರದಲ್ಲಿ ಜಾಸ್ತಿ ಬಳಕೆಯಲ್ಲಿರುವುದು ‘ಆಂಗ್‌ಪಾವ್’. ಮದುವೆಯಾದವರು ಮಕ್ಕಳಿಗೆ, ಮದುವೆಯಾಗದ ಕಿರಿಯರಿಗೆ ಕೊಡುವ ದುಡ್ಡಿನ ಕೆಂಪು ಲಕೋಟೆ. ಮಾರುಕಟ್ಟೆಯಲ್ಲಿ ಸಿಗುವುದು ಖಾಲಿ ಲಕೋಟೆ, ಹಾಗಾಗಿ ಅಲ್ಲಿ ‘ಕೆಂಪು ಲಕೋಟೆ’ ನಡೆಯುತ್ತದೆ. ಒಳಗಿನ ದುಡ್ಡಿಗೆ ಏನನ್ನೋಣ? ‘ಮುಯ್ಯಿ’ ಆಗದು, ಅದು ತೀರಿಸಬೇಕಾದದ್ದು. ನಾವು 101, 501 ಅಂತ ಒಂದು ಸೇರಿಸುತ್ತೇವೆ. ಅವರು ಸಮಸಂಖ್ಯೆಯೇ ಇಡುತ್ತಾರೆ, ಅದರಲ್ಲೂ 4 ಕೂಡದು. ಆ ಅಂಕಿಯ ಹೆಸರು ಸಾವಿನ ಪದದ ಹಾಗೆ ಕೇಳುತ್ತದೆ. ಸದ್ಯಕ್ಕೆ ‘ಹಬ್ಬದ ಕಾಸು’ ಅಂತ ಬರೆದಿದ್ದೇನೆ, ತೃಪ್ತಿಯಾಗಿಲ್ಲ.

ಕಾಸರಗೋಡಿನ ಕಡೆ ವಿಷುವಿಗೆ ಹಿರಿಯರು ಕಿರಿಯರ ಕೈಗೆ ದುಡ್ಡು ಕೊಡುವ ರೂಢಿ ಇದೆ. ಅಲ್ಲಿನ ಕನ್ನಡಿಗರು ಮನೆಯಲ್ಲಿ ಅದಕ್ಕೆ ಏನು ಹೇಳುತ್ತಾರೆ? ಬಳಸುವ ಊರಿನ ಹೆಸರಿನ ಜೊತೆ ದಯವಿಟ್ಟು ಬರೆಯಿರಿ. ‘ಸಂತೆ ಮಾಡೋದು’ ನಿಮ್ಮ ಊರಲ್ಲಿ ಇನ್ನೂ ಮಾತಿನಲ್ಲಿದೆಯೇ ಅನ್ನುವುದನ್ನೂ ತಿಳಿಸಿ.