ಟೈರಿನ ‘ಗಾಳಿ’ಯೋ ‘ಒತ್ತಡ’ವೋ? ಸೈಕಲ್ ಸೆನ್ಸರ್‌ಗೆ ಬೇಕಾದ ಕನ್ನಡ ಪದಗಳು

ಕೆಲವು ಪದಗಳ ವಿಚಾರದಲ್ಲಿ ನಿಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ಸೈಕಲ್ ಟೈರಿನಲ್ಲಿ ಗಾಳಿ ಎಷ್ಟಿದೆ ಅಂತ ಓಡಿಸುತ್ತಿರುವಾಗಲೇ ತೋರಿಸುವ ಪುಟ್ಟ ಸೆನ್ಸರ್‌ಗಳು ಬಂದಿವೆ. ವಾಲ್ವಿನ ಮೇಲೆ ತಿರುಗಿಸಿ ಕೂರಿಸಿದರೆ ಆಯಿತು, ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರ್‌ಗೆ ವೈರ್ ಇಲ್ಲದೆ ಅಂಕಿ ಬರುತ್ತದೆ. 2018ರಲ್ಲಿ ಬಂದ ಕ್ವಾರ್ಕ್ ಕಂಪನಿಯ ಟೈರ್‌ವಿಜ್ ಇಂಥದ್ದೇ ಒಂದು. ಒಂದೊಂದರ ತೂಕ ಸುಮಾರು 10 ಗ್ರಾಂ. ಗಾಳಿ ನಾವು ಗೊತ್ತು ಮಾಡಿದ ಮಿತಿಯಲ್ಲಿದ್ದರೆ ಹಸಿರು ದೀಪ ಮಿನುಗುತ್ತದೆ, ಮಿತಿ ತಪ್ಪಿದರೆ ಕೆಂಪು.

ರೇಸ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗಾಗಿ ಇದರ ಬಗ್ಗೆ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಹೆಚ್ಚಿನವರು ವಿಜಯಪುರ, ಬಾಗಲಕೋಟೆ ಕಡೆಯವರು, ಕನ್ನಡ ಮಾಧ್ಯಮದಲ್ಲಿ ಓದಿದವರು. ಗೆಳೆಯರೊಬ್ಬರು ಅದೇ ಅಂಕಿಗಳನ್ನು ಕನ್ನಡದಲ್ಲಿ ತೋರಿಸುವ ಫೋನ್ ಆ್ಯಪ್ ಮಾಡುತ್ತಿದ್ದಾರೆ. ಈಗ ಪ್ರಶ್ನೆ ಇದು: ಅಂಕಿಯ ಪಕ್ಕದಲ್ಲಿ ‘ಗಾಳಿ’ ಅಂತ ಬರೆಯಬೇಕೋ, ‘ಒತ್ತಡ’ ಅಂತ ಬರೆಯಬೇಕೋ?

ನಾವು ಮಾತಾಡುವುದು ‘ಗಾಳಿ’ ಅಂತಲೇ ಅಲ್ವಾ. ‘ಗಾಳಿ ಹೊಡೆಸ್ಕೊಂಡು ಬಾ’, ‘ಗಾಳಿ ಕಮ್ಮಿ ಇದೆ’, ‘ಯಾರೋ ಗಾಳಿ ಬಿಟ್ಟಿದ್ದಾರೆ’. ಉತ್ತರ ಕರ್ನಾಟಕದಲ್ಲಿ ‘ಹವಾ’ ಅಂತಲೂ ಹೇಳುತ್ತಾರೆ. ಪೆಟ್ರೋಲ್ ಬಂಕಿಗೆ ಹೋಗಿ ಕೇಳಿಸಿಕೊಳ್ಳಿ. ‘ಗಾಳಿ ಎಷ್ಟು ಹಾಕ್ಲಿ ಸರ್?’ ‘ಮುಂದೆ ಮೂವತ್ತು, ಹಿಂದೆ ಮೂವತ್ತೆರಡು.’ ಅವರು ಅಳೆಯುವುದು ಒತ್ತಡವನ್ನೇ. ಆದರೆ ‘ಒತ್ತಡ’ ಅನ್ನುವ ಪದವೂ ಬರಲಿಲ್ಲ, ಅಳತೆಯ ಹೆಸರೂ ಬರಲಿಲ್ಲ. ಯಾರಿಗೂ ಗೊಂದಲವೂ ಆಗಲಿಲ್ಲ.

‘ಒತ್ತಡ’ ಅಂದರೆ ಈಗ ಮೊದಲು ನೆನಪಾಗುವುದು ರಕ್ತದೊತ್ತಡ, ಇಲ್ಲವೇ ಕೆಲಸದ ಒತ್ತಡ. ‘ವಾಯುಭಾರ’ ಅಂತೂ ಮಳೆ ಸುದ್ದಿಯ ಪಾಲಾಗಿದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಓದಿ ಓದಿ ಅದನ್ನು ಟೈರಿಗೆ ಹೇಳಲು ಬಾಯಿ ಬರುವುದಿಲ್ಲ. ಇನ್ನೊಂದು ಸಣ್ಣ ಕಾರಣವೂ ಇದೆ. ‘ಒತ್ತಡ’ದಲ್ಲಿ ಒತ್ತಕ್ಷರ ಇದೆ. ಪುಟ್ಟ ಪರದೆಯ ಚೌಕದಲ್ಲಿ ಅಕ್ಷರದ ಕೆಳಭಾಗ ಕತ್ತರಿಸಿಹೋದರೆ ‘ಒತಡ’ ಅಂತ ಕಾಣುತ್ತದೆ. ‘ಗಾಳಿ’ ಎರಡೇ ಅಕ್ಷರ, ಕೆಳಗೆ ಏನೂ ಇಲ್ಲ.

ಹಾಗಂತ ‘ಗಾಳಿ’ ಒಂದರಲ್ಲೇ ಎಲ್ಲ ಮುಗಿಯುವುದಿಲ್ಲ. ಸೆನ್ಸರ್ ಇಲ್ಲದಿದ್ದಾಗ ಈ ತೊಡಕು ಕಾಣುತ್ತಿರಲಿಲ್ಲ. ಬೆಳಿಗ್ಗೆ ಒಮ್ಮೆ ಹೊಡೆದು ಹೊರಟರೆ ಮುಗಿಯಿತು, ಮತ್ತೆ ಅಳೆಯುವವರು ಯಾರು? ಈಗ ಅಂಕಿ ಕಣ್ಣ ಮುಂದೆಯೇ ಓಡಾಡುತ್ತದೆ. (ಇಲ್ಲಿ ಒತ್ತಡದ ಅಂಕಿಗಳೆಲ್ಲ ಚದರ ಇಂಚಿಗೆ ಪೌಂಡ್ ಲೆಕ್ಕದವು.) ಬೆಳಿಗ್ಗೆ 25 ಡಿಗ್ರಿ ಇದ್ದಾಗ 60ಕ್ಕೆ ಹೊಡೆದ ಟೈರು ವಿಜಯಪುರದ ಬೇಸಿಗೆಯ ಡಾಂಬರಿನ ಮೇಲೆ ಕಾದು 45 ಡಿಗ್ರಿಗೆ ಬಂದರೆ ಸುಮಾರು 65 ತೋರಿಸುತ್ತದೆ. ಯಾರೂ ಗಾಳಿ ಹಾಕಿಲ್ಲ. ಒಳಗಿದ್ದ ಗಾಳಿ ಅಷ್ಟೇ ಇದೆ, ಕಾದಿದ್ದಕ್ಕೆ ಜಾಸ್ತಿ ಒತ್ತುತ್ತಿದೆ. ಇಲ್ಲಿ ‘ಗಾಳಿ ಜಾಸ್ತಿ ಆಗಿದೆ’ ಅಂತ ಪರದೆ ಹೇಳಿದರೆ ಓದುವ ಹುಡುಗನಿಗೆ ತಪ್ಪು ಕಲಿಸಿದ ಹಾಗೆ.

ಬೆಟ್ಟ ಹತ್ತಿದರೂ ಇದೇ ಕಥೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ನಂದಿ ಬೆಟ್ಟದ ತುದಿ 1478 ಮೀಟರ್. ಮೇಲೆ ಹೋದಂತೆ ಹೊರಗಿನ ಗಾಳಿ ತೆಳುವಾಗುತ್ತದೆ. ಟೈರಿನೊಳಗೆ ಏನೂ ಬದಲಾಗದಿದ್ದರೂ ಒಳಗಿಗೂ ಹೊರಗಿಗೂ ಇರುವ ವ್ಯತ್ಯಾಸ ಸುಮಾರು 0.9ರಷ್ಟು ಏರುತ್ತದೆ. ಪಂಪಿನ ಮುಳ್ಳು ಇಷ್ಟು ಸಣ್ಣ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸುವುದಿಲ್ಲ. 0.1ರ ಲೆಕ್ಕದಲ್ಲಿ ಓದುವ ಸೆನ್ಸರ್ ತೋರಿಸಬಲ್ಲದು.

ಹಾಗಾಗಿ ಕೈಪಿಡಿಯಲ್ಲಿ ಎರಡು ಒತ್ತಡಗಳನ್ನು ಬೇರೆ ಬೇರೆಯಾಗಿ ಹೇಳಲೇಬೇಕು. ಟೈರ್ ಪೂರ್ತಿ ಕೂತು ಮೀಟರ್ ಸೊನ್ನೆ ತೋರಿಸಿದಾಗಲೂ ಒಳಗೆ ಹೊರಗಿನಷ್ಟೇ ಒತ್ತಡ ಇರುತ್ತದೆ, ಮಂಗಳೂರಿನ ಸಮುದ್ರ ತೀರದಲ್ಲಿ ಅದು ಸುಮಾರು 14.7. ಹೊರಗಿನದನ್ನೂ ಸೇರಿಸಿ ಹೇಳುವುದಕ್ಕೆ ‘ನಿರಪೇಕ್ಷ ಒತ್ತಡ’ ಅಂತ ಬರೆಯುವ ರೂಢಿ ಇದೆ. ಹತ್ತನೇ ತರಗತಿ ಹುಡುಗಿ ಇದನ್ನು ಬಾಯಿಪಾಠ ಮಾಡಬಹುದು, ಆದರೆ ಪದ ನೋಡಿ ಅರ್ಥ ಊಹಿಸಲಾರಳು. ನಾನು ಸದ್ಯಕ್ಕೆ ‘ಒಟ್ಟು ಒತ್ತಡ’ ಅಂತ ಬರೆದಿದ್ದೇನೆ. ಹೊರಗಿನದನ್ನು ಕಳೆದು ಉಳಿಯುವುದಕ್ಕೆ ‘ಮೀಟರ್ ಒತ್ತಡ’. ಸಮುದ್ರ ತೀರದಲ್ಲಿ ಒಟ್ಟು ಒತ್ತಡ 74.7, ಹೊರಗಿನದು 14.7, ಮೀಟರ್ ಒತ್ತಡ 60. ಕಳೆಯುವ ಲೆಕ್ಕ ಪದದಲ್ಲೇ ಕಾಣುತ್ತದೆ ಅನ್ನುವುದು ನನ್ನ ವಾದ. ಭೌತಶಾಸ್ತ್ರ ಪಾಠ ಮಾಡುವವರು ಇದನ್ನು ಒಪ್ಪುತ್ತೀರಾ?

ಪರದೆಯ ಮೇಲೆ ಮಾತ್ರ ‘ಗಾಳಿ’ಯೇ ಇರಲಿ ಅನ್ನುತ್ತೇನೆ. ಕಾದು ಅಂಕಿ ಏರಿದಾಗ ಕೊಡುವ ಎಚ್ಚರಿಕೆಗೆ ಸೈಕಲ್ ಅಂಗಡಿಯ ಒಂದು ಒಳ್ಳೆಯ ಪದ ಇದೆ, ‘ಬಿಗಿ’. ‘ಬಿಗಿಯಾಗಿ ಹೊಡೀರಿ’ ಅನ್ನುತ್ತೇವಲ್ಲ, ಅದೇ. ಹೆಬ್ಬೆರಳಿನಿಂದ ಟೈರು ಅದುಮಿ ನೋಡಿದಾಗ ಕೈಗೆ ಸಿಗುವುದು ಬಿಗಿಯೇ. ‘ಟೈರ್ ಬಿಗಿಯಾಗಿದೆ’ ಅಂದರೆ ಯಾರೋ ಗಾಳಿ ಹಾಕಿದರು ಅನ್ನುವ ಅರ್ಥ ಬರುವುದಿಲ್ಲ. ಕಮ್ಮಿಯಾದಾಗ ‘ಮೆತ್ತಗಾಗಿದೆ’. ನನಗೆ ಈ ಜೋಡಿ ತುಂಬ ಇಷ್ಟ. ಕೈ ಮುಟ್ಟಿ ಹುಟ್ಟಿದ ಪದಗಳು ಇವು.

ಮುಂದಿನ ಚಕ್ರ, ಹಿಂದಿನ ಚಕ್ರದ ವಿಷಯ ಇನ್ನೂ ಗಂಭೀರ. ಗೆಳೆಯರು ಮೊದಲು ಹಾಕಿದ್ದ ಸಾಲು ‘ಹಿಂದಿನ ಗಾಳಿ 62’. ಓದಿದವರು ಇದು ಕಳೆದ ಸಲ ಅಳೆದ ಅಂಕಿ ಅಂದುಕೊಂಡರು. ಅವರದೇನೂ ತಪ್ಪಿಲ್ಲ. ‘ಹಿಂದಿನ ವಾರ’, ‘ಮುಂದಿನ ವರ್ಷ’ ಅಂತ ಕಾಲಕ್ಕೂ ನಾವು ಇದೇ ಪದ ಬಳಸುತ್ತೇವೆ. ‘ಮುಂಗಾಲಿ, ಹಿಂಗಾಲಿ’ ಅನ್ನೋಣ ಅಂತ ಒಬ್ಬರು ಹೇಳಿದರು. ಗಾಲಿ ಒಳ್ಳೆಯ ಪದವೇ. ಆದರೆ ಹಸುವಿನ ಹಿಂಗಾಲು ನೆನಪಾಗುತ್ತದೆ. ಜೊತೆಗೆ ‘ಹಿಂಗಾಲಿ ಗಾಳಿ’ ಅಂತ ಲಕಾರ ಳಕಾರ ಅಕ್ಕಪಕ್ಕ ಬಂದರೆ, ಓಡುವ ಸೈಕಲ್ ಮೇಲೆ ಅರೆಕ್ಷಣದಲ್ಲಿ ಓದುವವರಿಗೆ ಕಷ್ಟ. ‘ಮುಂಚಕ್ರ, ಹಿಂಚಕ್ರ’ ಹೇಗೆ? ಚಿಕ್ಕದು, ಕಾಲದ ಗೊಂದಲ ಇಲ್ಲ. ಸುಮ್ನೆ ‘ಮುಂದೆ 58, ಹಿಂದೆ 62’ ಅಂದರೂ ನಡೆಯುತ್ತದೆ. ತೊಂದರೆ ಇರುವುದು ‘-ಇನ’ ಸೇರಿದಾಗ ಮಾತ್ರ.

ಅಳತೆಯ ಹೆಸರಿಗೆ ಬಂದರೆ ‘ಪಿಎಸ್ಐ’ ಅಂತ ಕನ್ನಡದಲ್ಲಿ ಬರೆಯಲು ನನಗೆ ಹಿಂಜರಿಕೆ. ಕರ್ನಾಟಕದ ಪತ್ರಿಕೆ ಓದುಗರಿಗೆ ಪಿಎಸ್ಐ ಅಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್. ‘ಚದರ ಇಂಚಿಗೆ ಪೌಂಡ್’ ಅಂತ ಕೈಪಿಡಿಯಲ್ಲಿ ಒಮ್ಮೆ ವಿವರಿಸಿ, ಮುಂದೆ ಎಲ್ಲ ಕಡೆ ಬರೀ ‘ಪೌಂಡ್’ ಅನ್ನಬಹುದು. ತೂಕದ ಪೌಂಡ್ ನಮ್ಮಲ್ಲಿ ದಿನಬಳಕೆಯಲ್ಲಿ ಇಲ್ಲ, ಹಾಗಾಗಿ ಗೊಂದಲ ಕಮ್ಮಿ. ಯುರೋಪಿನ ಟೈರುಗಳ ಮೇಲೆ ‘ಬಾರ್’ ಲೆಕ್ಕವೂ ಅಚ್ಚಾಗಿರುತ್ತದೆ, 1 ಬಾರ್ ಅಂದರೆ 14.5 ಪೌಂಡ್. ಅದನ್ನು ಹಾಗೇ ಇಟ್ಟಿದ್ದೇನೆ.

ಉಳಿದವು ಬೇಗ ತೀರುತ್ತವೆ. ‘ಸಂವೇದಕ’ ಬದಲು ‘ಸೆನ್ಸರ್’, ಆದರೆ ಸಿನಿಮಾದ ‘ಸೆನ್ಸಾರ್’ ಆಗದಂತೆ ಅಚ್ಚು ತಿದ್ದುವಾಗ ನೋಡಿಕೊಳ್ಳಬೇಕು. ‘ನಿಸ್ತಂತು’ ಪೊಲೀಸ್ ಇಲಾಖೆಯ ಮೂಲಕ ಪರಿಚಯ ಇರುವ ಪದ, ಆದರೂ ಇಲ್ಲಿ ‘ವೈರ್ ಇಲ್ಲದ’ ಸಾಕು. ಸೈಕಲ್ ಕಂಪ್ಯೂಟರ್‌ಗೆ ‘ಗಣಕ’ ಅಂದರೆ ಮೇಜಿನ ಮೇಲಿನದು ಕಣ್ಣಿಗೆ ಬರುತ್ತದೆ. ಹುಡುಗರು ಯಾವ ಕಂಪನಿಯದಾದರೂ ‘ಮೀಟರ್’ ಅನ್ನುತ್ತಾರೆ. ಆದರೆ ‘ಮೀಟರ್ ಒತ್ತಡ’ದಲ್ಲಿ ಮೀಟರ್ ಅಂದರೆ ಪಂಪಿನದು. ಒಂದೇ ಕೈಪಿಡಿಯಲ್ಲಿ ಎರಡೂ ಬೇಡ ಅಂತ ‘ಸೈಕಲ್ ಕಂಪ್ಯೂಟರ್’ ಅಂತಲೇ ಬರೆದಿದ್ದೇನೆ.

ಕೊನೆಯದಾಗಿ ಎಚ್ಚರಿಕೆಯ ಸಾಲುಗಳು. ಇಲ್ಲಿ ನಿಮ್ಮ ಸಹಾಯ ಎಲ್ಲಕ್ಕಿಂತ ಜಾಸ್ತಿ ಬೇಕು. ‘ಗಾಳಿ ಕಮ್ಮಿ ಇದೆ’ ಬೇರೆ, ‘ಗಾಳಿ ಇಳಿಯುತ್ತಿದೆ’ ಬೇರೆ. ಮೊದಲನೆಯದು ಹೊರಡುವ ಮುಂಚೆ ಕಂಡರೆ ನಾಲ್ಕು ಪಂಪ್ ಹೊಡೆದು ಹೊರಡಬಹುದು. ಎರಡನೆಯದು ಇಳಿಜಾರಿನ ತಿರುವಿನಲ್ಲಿ ಕಂಡರೆ ಬ್ರೇಕ್ ಹಿಡಿದು ನಿಲ್ಲಿಸಲೇಬೇಕು. ಆ ವೇಗದಲ್ಲಿ ಕ್ರಿಯಾಪದದ ಕೊನೆ ನೋಡುತ್ತಾ ಕೂರಲು ಆಗುವುದಿಲ್ಲ, ಮೊದಲ ಅಕ್ಷರದಲ್ಲೇ ವ್ಯತ್ಯಾಸ ತಿಳಿಯಬೇಕು. ಅದಕ್ಕೆ ಎರಡನೆಯದಕ್ಕೆ ‘ಸೋರಿಕೆ!’ ಅಂತ ಒಂದೇ ಪದ ಹಾಕಿಸಿದ್ದೇನೆ.

ಆದರೆ ಸೋರಿಕೆಯಲ್ಲೂ ಎರಡು ಬಗೆ. ಮುಳ್ಳು ಚುಚ್ಚಿ ಬುಸ್ ಅಂತ ಹೋಗುವುದು ಒಂದು. ಇನ್ನೊಂದು ರಾತ್ರಿಯೆಲ್ಲ ಕೂತು ಬೆಳಿಗ್ಗೆ ಮೆತ್ತಗಾಗುವುದು. ಪಂಚರ್ ಅಂಗಡಿಯವರು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ತುಣುಕು ತುಣುಕಾಗಿ ಸರಿಸುತ್ತಾ, ಸಾಸಿವೆಯಷ್ಟು ಗುಳ್ಳೆ ಒಂದೊಂದಾಗಿ ಏಳುವ ಜಾಗ ಹುಡುಕುತ್ತಾರಲ್ಲ, ಆ ಥರದ್ದು. ನೀರಾದರೆ ‘ಜಿನುಗು’, ‘ಒಸರು’ ಅನ್ನಬಹುದಿತ್ತು. ಗಾಳಿಗೆ ಅವು ಹೊಂದುತ್ತವೆಯೇ? ನಿಮ್ಮ ಊರಿನ ಸೈಕಲ್ ಅಂಗಡಿಯಲ್ಲಿ ಇಂಥ ನಿಧಾನದ ಸೋರಿಕೆಗೆ ಏನಂತಾರೆ? ಕರಾವಳಿ, ಮಲೆನಾಡು, ಕಲ್ಯಾಣ ಕರ್ನಾಟಕ, ಎಲ್ಲಿಯದಾದರೂ ಸರಿ, ಅವರು ಆಡುವ ಹಾಗೇ ಬರೆದು ಕಳಿಸಿ. ಜೊತೆಗೆ ಅದು ಟ್ಯೂಬಿಗೆ ಹೇಳುವ ಮಾತೋ, ವಾಲ್ವಿನ ರಬ್ಬರ್ ಹಳತಾಗಿ ಗಾಳಿ ಹೋಗುವುದಕ್ಕೂ ಅದೇ ಪದವೋ, ಅದನ್ನೂ ತಿಳಿಸಿ.